ಅದು ಮಳೆಯಲ್ಲ, ಕಮೋಡ್: ಅಮೆರಿಕಕ್ಕೆ ಹೊರಟ ಉಡುಪಿಯವರಿಗೆ

ಮೇ ತಿಂಗಳ ರಜೆಯಲ್ಲಿ ಉಡುಪಿಗೆ ಬಂದರೆ ಸಾಕು, ಆಗಸ್ಟಿಗೆ ಅಮೆರಿಕಕ್ಕೆ ಹೊರಟ ಮಕ್ಕಳನ್ನು ಕರೆದುಕೊಂಡು ಯಾರಾದರೂ ಮನೆಗೆ ಬರುತ್ತಾರೆ. ಎಸ್‌ಎಸ್‌ಎನ್ (ಅಲ್ಲಿಯ ಸೋಶಿಯಲ್ ಸೆಕ್ಯುರಿಟಿ ನಂಬರ್), ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಹೇಗೆ ಅಂತ ಕೇಳುತ್ತಾರೆ. ಅದೆಲ್ಲ ಆಗುತ್ತದೆ. ಫಾರಂ ತುಂಬಿಸಿ, ಕ್ಯೂ ನಿಲ್ಲಿ, ಮುಗೀತು. ನಾನು ಮಾತ್ರ ಕಮೋಡಿನ ವಿಷಯ ಎತ್ತುತ್ತೇನೆ. ಮಕ್ಕಳು ನಗುತ್ತಾರೆ. ಅಪ್ಪಂದಿರು ಮುಖ ಹುಳಿ ಮಾಡುತ್ತಾರೆ.

ನ್ಯೂಜೆರ್ಸಿಯಲ್ಲಿ ಮನೆ ಕೊಂಡ ಮೊದಲ ವರ್ಷ. ರಾತ್ರಿ ಮಲಗಿದರೆ ಎಲ್ಲೋ ಸಣ್ಣಗೆ ನೀರಿನ ಸದ್ದು. ಆಟಿ ತಿಂಗಳಲ್ಲಿ ಹಂಚಿನ ಮಾಡಿನಿಂದ ನೀರು ಇಳಿದ ಹಾಗೆ. ಊರಲ್ಲೇ ಇದ್ದೇನೆ ಅನ್ನಿಸಿ ಒಳ್ಳೆ ನಿದ್ದೆ ಬರುತ್ತಿತ್ತು. ಹೀಗೆ ಮೂರು ತಿಂಗಳು ಸುಖವಾಗಿ ಮಲಗಿದೆ. ಆಮೇಲೆ ನೀರಿನ ಬಿಲ್ ಬಂತು.

ಜೋರಾಗಿ ಸೋರುವ ಕಮೋಡ್ ದಿನಕ್ಕೆ 200 ಗ್ಯಾಲನ್ ತನಕ ಹರಿಸಿಬಿಡಬಹುದು. ಅಂದರೆ ಸುಮಾರು 750 ಲೀಟರ್. 15 ಲೀಟರಿನ ಕೊಡಪಾನವಾದರೆ 50 ಕೊಡಪಾನ! ಬೇಸಿಗೆಯಲ್ಲಿ ಬಜೆ ಅಣೆಕಟ್ಟಿನ ನೀರು ತಳ ಹಿಡಿದರೆ ಉಡುಪಿಯಲ್ಲಿ ನಲ್ಲಿ ನೀರಿಗೆ ಪಾಳಿ ಕಾಯಬೇಕು. ನಮ್ಮಪ್ಪ ಜಗಲಿಯಲ್ಲಿ ಕೂತೇ ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದನ್ನು ಕೇಳಿಸಿಕೊಂಡು ಬೈಯುತ್ತಿದ್ದರು. ಅವರ ಮಗ ನಾನು.

ಬಿಲ್ ನೋಡಿದ ಮೇಲೂ ಎರಡು ಭಾನುವಾರ ಹಾಳು ಮಾಡಿದೆ. ಹ್ಯಾಂಡಲ್ ಅಲ್ಲಾಡಿಸಿದೆ. ಸುಮ್ನೆ ಟ್ಯಾಂಕಿನ ನೀರಲ್ಲಿ ತೇಲುವ ಫ್ಲೋಟಿನ ಸ್ಕ್ರೂ ತಿರುಗಿಸಿದೆ. ಕಡೆಗೆ ಅಂಗಡಿಗೆ ಹೋಗಿ ಟ್ಯಾಂಕಿನ ತೂತು ಮುಚ್ಚುವ ರಬ್ಬರ್, 2 ಇಂಚಿನ ಫ್ಲ್ಯಾಪರ್ ತಂದೆ. ನಮ್ಮದು 3 ಇಂಚಿನ ತೂತು. ಅಳತೆ ನೋಡಬೇಕು ಅಂತಲೇ ಗೊತ್ತಿರಲಿಲ್ಲ.

ನೀವು ಹೀಗೆ ಮಾಡಿ. ಟ್ಯಾಂಕಿನ ಮುಚ್ಚಳ ತೆಗೆದು ನೆಲದ ಮೇಲಿಡಿ. ಪಿಂಗಾಣಿ, ಬಿದ್ದರೆ ಹೋಯಿತು. ಒಳಗೆ ಮುಖ್ಯವಾದದ್ದು ಎರಡೇ. ತಳದ ತೂತು ಮುಚ್ಚುವ ರಬ್ಬರ್, ಅದೇ ಫ್ಲ್ಯಾಪರ್. ಪಕ್ಕದಲ್ಲಿ ನೀರು ತುಂಬಿಸುವ ಫಿಲ್ ವಾಲ್ವ್. ನಮ್ಮ ತಾರಸಿಯ ಸಿಂಟೆಕ್ಸಿನಲ್ಲಿರುವ ಬಾಲ್ ವಾಲ್ವಿನ ತಮ್ಮ ಅಂದುಕೊಳ್ಳಿ. ನಡುವಿನ ಓವರ್‌ಫ್ಲೋ ಪೈಪಿನ ಬಾಯೊಳಗೆ ನೀರು ಇಳಿಯುತ್ತಿದ್ದರೆ ಫ್ಲೋಟ್ ತಗ್ಗಿಸಿ. ಆ ಬಾಯಿಗಿಂತ ಒಂದು ಇಂಚು ಕೆಳಗೆ ನೀರು ನಿಲ್ಲಬೇಕು. ಅಲ್ಲಿ ಇಳಿಯುತ್ತಿಲ್ಲವಾದರೆ ಶೀರಾಕ್ಕೆ ಹಾಕುವ ಬಣ್ಣ ಚೂರು ಟ್ಯಾಂಕಿಗೆ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕೆಳಗೆ ಕಮೋಡಿನಲ್ಲಿ ಬಣ್ಣ ಕಂಡರೆ ಫ್ಲ್ಯಾಪರ್ ಹೋಗಿದೆ. ಗೋಡೆ ಪಕ್ಕದ ವಾಲ್ವ್ ಬಂದ್ ಮಾಡಿ, ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ, ಹಳೆಯದನ್ನು ಕಿತ್ತು ಅದನ್ನೇ ಅಂಗಡಿಗೆ ಹಿಡಿದುಕೊಂಡು ಹೋಗಿ. ಹೊಸದನ್ನು ಹಾಕುವಾಗ ಹ್ಯಾಂಡಲಿನಿಂದ ಫ್ಲ್ಯಾಪರಿಗೆ ಬರುವ ಚೈನು ಅರ್ಧ ಇಂಚು ಸಡಿಲ ಇರಲಿ. ಜಾಸ್ತಿ ಉದ್ದವಾದರೆ ಫ್ಲ್ಯಾಪರ್ ಅಡಿಗೇ ಸಿಕ್ಕಿಕೊಳ್ಳುತ್ತದೆ. ಟ್ಯಾಂಕಿನೊಳಗೆ ಹಾಕುವ ಕ್ಲೋರಿನ್ ಮಾತ್ರೆ ಬೇಡವೇ ಬೇಡ, ರಬ್ಬರ್ ತಿಂದುಹಾಕುತ್ತದೆ.

ಇಷ್ಟಕ್ಕೆ ನಾನು ಪ್ಲಂಬರನ್ನು ಕರೆಸಿದೆ. ಬಂದವನು ಹತ್ತು ನಿಮಿಷ ಇದ್ದ. 180 ಡಾಲರ್! ಕೈ ತೊಳೆದು ನಮ್ಮ ಊಟದ ಮೇಜಿನಲ್ಲೇ ಕೂತು ಬಿಲ್ ಬರೆದ. ಅವನು ಹೋದ ಮೇಲೆ ಮಗಳು ಕೇಳಿದಳು: "ಅಪ್ಪಾ, ನೀನು ಯಾಕೆ ಬಾಗಿಲಲ್ಲೇ ನಿಂತಿದ್ದೆ?"

ಎಂತ ಹೇಳುವುದು? ನಮ್ಮ ಹಳೆ ಮನೆಯಲ್ಲಿ ಪಾಯಿಖಾನೆ ಅಂಗಳದಾಚೆ ಇತ್ತು. ಅದರ ಕೆಲಸಕ್ಕೆ ಬಂದವರು ಅಂಗಳ ದಾಟಿ ಒಳಗೆ ಬರುವ ಹಾಗಿರಲಿಲ್ಲ. ಅಜ್ಜಿ ಅವರಿಗೆ ತೆಂಗಿನಕಾಯಿ ಗೆರಟೆಯಲ್ಲಿ ಚಾ ಕೊಡುತ್ತಿದ್ದರು. ನಾನು ಅದನ್ನು ನೋಡುತ್ತಾ ಬೆಳೆದವ. ನನ್ನ ಕೈ ಟ್ಯಾಂಕಿಗೆ ಇಳಿಯದಿದ್ದದ್ದು ವಾಲ್ವ್ ಗೊತ್ತಿಲ್ಲದೆ ಅಲ್ಲ. ಟ್ಯಾಂಕಿನಲ್ಲಿ ಇರುವುದು ಅಡುಗೆಮನೆ ನಲ್ಲಿಯ ನೀರೇ ಅಂತ ಮಗಳೇ ಹೇಳಬೇಕಾಯಿತು.

ಅವಳಿಗೆ ಆ ಅಂಜಿಕೆ ಇಲ್ಲ. ಈಗ ಮನೆಯಲ್ಲಿ ಇಂಥದ್ದನ್ನೆಲ್ಲ ಅವಳೇ ಸರಿ ಮಾಡುತ್ತಾಳೆ. ಆದರೆ ಹಲ್ಲುಜ್ಜುವಾಗ ನಲ್ಲಿ ಬಿಟ್ಟೇ ಇರುತ್ತಾಳೆ. ಬೈದರೆ ಯಾಕೆ ಅಂತ ನೋಡುತ್ತಾಳೆ. ಬಾವಿಯ ರಾಟೆಯಲ್ಲಿ ಒಂದು ಕೊಡಪಾನ ಸೇದಿದವಳಲ್ಲ. ಗೆರಟೆ ಹೋಯಿತು, ಒಳ್ಳೇದೇ. ಅದರ ಸಂಗಡ ರಾಟೆಯೂ ಹೋಗಿದೆ.

ಈ ಸಲ ಬಂದಾಗ ನೋಡಿದರೆ ಊರಿನ ಮನೆಯ ಕಮೋಡೂ ಸೋರುತ್ತಿತ್ತು. ಅಮ್ಮ ಗೋಡೆ ಪಕ್ಕದ ವಾಲ್ವ್, ಅದೇ ಆಂಗಲ್ ಕಾಕ್, ಬಂದ್ ಮಾಡಿ ಪಕ್ಕದಲ್ಲಿ ಬಕೆಟ್ ಇಟ್ಟಿದ್ದಾರೆ. ಪ್ಲಂಬರ್ ನಾಳೆ ಬರುತ್ತಾನಂತೆ. ಎರಡು ವರ್ಷದಿಂದ ನಾಳೆ. ಮುಚ್ಚಳ ಎತ್ತಿದೆ. "ಬೇಡ ಮಾರಾಯ, ಸ್ನಾನ ಆಗಿದೆಯಲ್ಲ ನಿಂದು" ಅಂದರು. ಒಳಗಿನ ರಬ್ಬರ್ ವಾಶರ್ ತೆಗೆದು ಪೇಟೆಯಿಂದ ಹೊಸದು ತಂದು ಹಾಕಿದೆ. ಆಂಗಲ್ ಕಾಕ್ ಬಿಟ್ಟೆ, ಸದ್ದಿಲ್ಲ. ಅಮ್ಮ ಎಂತದೂ ಹೇಳಲಿಲ್ಲ, ಹಂಡೆಗೆ ಬೆಂಕಿ ಹಾಕಲು ಹೋದರು. ಇನ್ನೊಂದು ಸ್ನಾನ ಮಾಡಿಯೇ ಊಟಕ್ಕೆ ಕೂತೆ.