ನಾಣ್ಯಕ್ಕೆ ಗಾಳಿ ತಾಗದಂತೆ ಇಡುವ ಬಗೆ: ನನ್ನ ಅನುಭವ

ಗಾಳಿಯಾಡದ ಡಬ್ಬಿಯಲ್ಲಿಟ್ಟರೂ ನಾಣ್ಯ ಕಪ್ಪಾಗುವುದುಂಟು. ಹೆಚ್ಚಿನ ಸಲ ತಪ್ಪು ಮುಚ್ಚಳದ್ದಲ್ಲ. ನಾಣ್ಯದ ಜೊತೆಗೇ ಒಳಹೊಕ್ಕ ಬೆರಳಿನ ಬೆವರು, ತೇವ, ಅಗ್ಗದ ಪ್ಲಾಸ್ಟಿಕ್ಕು ಕೆಡಿಸಿರುತ್ತವೆ. ಹಾಗಾಗಿ ಮೊದಲ ಕೆಲಸ ನಾಣ್ಯದ ಮೇಲಿನ ಜಿಡ್ಡು ತೆಗೆಯುವುದು.

ಇದಕ್ಕೆ ನಾನು ಬಳಸುವುದು ಶುದ್ಧ ಅಸಿಟೋನ್. ಉಗುರುಬಣ್ಣ ತೆಗೆಯುವ ದ್ರವ ಆಗದು, ಅದರಲ್ಲಿ ಎಣ್ಣೆ, ಬಣ್ಣ, ಸುವಾಸನೆ ಸೇರಿರುತ್ತವೆ. ಎರಡು ಗಾಜಿನ ಬಟ್ಟಲು ಬೇಕು. ಮೊದಲನೆಯದರಲ್ಲಿ ಹತ್ತು ನಿಮಿಷ ನೆನೆಸಿ, ಎರಡನೆಯದರ ಹೊಸ ಅಸಿಟೋನ್‌ನಲ್ಲಿ ಅದ್ದಿ ತೆಗೆಯುತ್ತೇನೆ. ಉಜ್ಜುವ ಮಾತೇ ಇಲ್ಲ. ಒಂದು ಸಲ ಉಜ್ಜಿದ ಗೀರು ಹೋಗುವುದಿಲ್ಲ. ಬೆಂಕಿ ಹತ್ತಿರ ಇರಬಾರದು, ಕಿಟಕಿ ತೆರೆದಿರಬೇಕು. ಅಸಿಟೋನ್ ಆರುವಾಗ ನಾಣ್ಯ ತಣ್ಣಗಾಗುತ್ತದೆ, ಮಳೆಗಾಲದ ಗಾಳಿಯಲ್ಲಿ ಅದರ ಮೇಲೆ ಕಣ್ಣಿಗೆ ಕಾಣದಷ್ಟು ನೀರು ಕೂರಬಹುದು. ಅದಕ್ಕೇ ಒಣ ಹವೆಯ ದಿನ ನೋಡಿ ಮಾಡುತ್ತೇನೆ, ಒಂದು ಗಂಟೆ ಬಿಟ್ಟೇ ಮುಚ್ಚುತ್ತೇನೆ. ಇಲ್ಲಿಂದ ಮುಂದೆ ನೈಟ್ರೈಲ್ ಗ್ಲೌಸ್ ಹಾಕಿಕೊಂಡು ಅಂಚು ಮಾತ್ರ ಹಿಡಿಯುವುದು.

ಬಗ್ಗಿಸಿದರೆ ಮೆತ್ತಗೆ ಬಾಗುವ, ಹೊಸ ರೇನ್‌ಕೋಟಿನ ವಾಸನೆ ಬರುವ ನಾಣ್ಯದ ಕವರುಗಳು ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು, ಅವು ಬೇಡ. ಅವನ್ನು ಮೃದುವಾಗಿಡಲು ಬೆರೆಸಿದ ರಾಸಾಯನಿಕ ನಿಧಾನಕ್ಕೆ ಹೊರಗೆ ಜಿನುಗುತ್ತದೆ. ಪ್ಲಾಸ್ಟಿಕ್ ಹಾಳಾದಂತೆ ಆಮ್ಲವೂ ಹುಟ್ಟುತ್ತದೆ. ತಾಮ್ರವಿರುವ ನಾಣ್ಯದ ಮೇಲೆ ಅಂಟಂಟಾದ ಹಸಿರು ಲೋಳೆ ಕಂಡರೆ ಇದೇ ಕಾರಣ. ಬೇಗ ಗಮನಿಸಿದರೆ ಅಸಿಟೋನ್‌ನಲ್ಲಿ ಹೋಗುತ್ತದೆ, ತಡವಾದರೆ ಲೋಹವೇ ತಿಂದುಹೋಗಿರುತ್ತದೆ.

ನಾನು ಇಡುವುದು ಅಕ್ರಿಲಿಕ್ ಕ್ಯಾಪ್ಸೂಲಿನಲ್ಲಿ, ಅಂದರೆ ಒಂದೇ ನಾಣ್ಯ ಹಿಡಿಯುವ, ಒತ್ತಿ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಡಬ್ಬಿಯಲ್ಲಿ. ವರ್ನಿಯರ್ ಕ್ಯಾಲಿಪರ್‌ನಿಂದ ವ್ಯಾಸ ಅಳೆದು, ನಾಣ್ಯ ಒಳಗೆ ಅಲ್ಲಾಡದ ಅಳತೆಯದನ್ನೇ ಆರಿಸುತ್ತೇನೆ. ಕಪ್ಪು ಫೋಮ್ ಬಳೆಯಿರುವ ಕ್ಯಾಪ್ಸೂಲು ಬೇರೆ ಬೇರೆ ಅಳತೆಗೆ ಹೊಂದುತ್ತದೆ ನಿಜ, ಆದರೆ ಫೋಮ್ ಹಳತಾದಾಗ ಅಂಚಿಗೆ ಕಲೆ ಹತ್ತಬಹುದು.

ಒತ್ತಿ ಮುಚ್ಚುವ ಯಾವ ಕ್ಯಾಪ್ಸೂಲೂ ಪೂರ್ತಿ ಗಾಳಿ ತಡೆಯುವುದಿಲ್ಲ. ಹಗಲು ಬಿಸಿಯಾಗಿ ರಾತ್ರಿ ತಣಿಯುವಾಗ ಅದೂ ಸಣ್ಣಗೆ ಉಸಿರಾಡುತ್ತಲೇ ಇರುತ್ತದೆ. ಹಾಗಾಗಿ ಅದರ ಹೊರಗೆ ಇನ್ನೊಂದು ಡಬ್ಬಿ ಬೇಕು: ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು, ಸಿಲಿಕೋನ್ ವಾಶರ್ ಇರುವುದು. ಮಾಮೂಲಿ ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿಯನ್ನು ಕಪ್ಪಾಗಿಸುವುದೂ ಗಂಧಕವೇ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಅಗ್ಗದ ರಟ್ಟು ಇವೆಲ್ಲ ಆ ಡಬ್ಬಿಯ ಹತ್ತಿರವೂ ಬೇಡ. ಓಕ್ ಮರದ ಪೆಟ್ಟಿಗೆಯೂ ಬೇಡ, ಅದರಿಂದ ಅಸಿಟಿಕ್ ಆಮ್ಲದ ಆವಿ ಹೊರಡುತ್ತದೆ. ಸೀಸದ ನಾಣ್ಯಕ್ಕಂತೂ ಅದು ವಿಷ.

ಐದು ಲೀಟರಿನ ಡಬ್ಬಿಗೆ 50 ಗ್ರಾಂ ಸಿಲಿಕಾ ಜೆಲ್, ಜೊತೆಗೊಂದು ಸಣ್ಣ ಹೈಗ್ರೋಮೀಟರ್ (ಗಾಳಿಯ ಆರ್ದ್ರತೆ ಅಳೆಯುವ ಮೀಟರ್) ಇಡುತ್ತೇನೆ. ಮುಳ್ಳು ಶೇಕಡಾ 35–40ರ ನಡುವೆ ನಿಂತರೆ ಸಾಕು. ಹೈಗ್ರೋಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಟಲಿಯ ಒಂದು ಮುಚ್ಚಳದಲ್ಲಿ ಉಪ್ಪಿಗೆ ಒದ್ದೆ ಮರಳಿನಂತಾಗುವಷ್ಟೇ ನೀರು ಹಾಕಿ, ಮೀಟರಿನ ಜೊತೆ ಜಿಪ್ ಕವರಿನಲ್ಲಿ ಎಂಟು ಗಂಟೆ ಮುಚ್ಚಿಡಿ. 75 ತೋರಿಸಬೇಕು. 79 ತೋರಿಸಿದರೆ ಮುಂದೆ ಪ್ರತಿ ಸಲವೂ ನಾಲ್ಕು ಕಳೆದು ಓದಿ. ಜೆಲ್ ಬಣ್ಣ ಬದಲಾದಾಗ 110–120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಒಣಗಿಸಿ, ಮುಚ್ಚಿದ ಗಾಜಿನ ಸೀಸೆಯಲ್ಲಿ ಆರಿಸಿ ವಾಪಸ್ ಹಾಕುತ್ತೇನೆ.

ಸಿಲಿಕಾ ಜೆಲ್ ನೋಡಿಕೊಳ್ಳುವುದು ತೇವವನ್ನು, ಗಂಧಕದ ಅನಿಲವನ್ನಲ್ಲ. ಅದಕ್ಕೆ ತಾಮ್ರದ ಪುಡಿ ಬೆರೆಸಿದ ಪ್ಲಾಸ್ಟಿಕ್ ಚೀಲ ಬೇಕು. ಅನಿಲ ಬೆಳ್ಳಿಯನ್ನು ಮುಟ್ಟುವ ಮೊದಲೇ ಆ ತಾಮ್ರದ ಜೊತೆ ಸೇರಿಬಿಡುತ್ತದೆ. ಒಳಗೆ ಪಾಲಿಶ್ ಮಾಡಿದ ಬೆಳ್ಳಿಯ ಒಂದು ಚೂರನ್ನೂ ಬಿಚ್ಚಿ ಇಟ್ಟಿರುತ್ತೇನೆ. ಅದು ಹಳದಿಗೆ ತಿರುಗಿದರೆ ಚೀಲ ಬದಲಿಸುವ ಕಾಲ ಬಂತು ಎಂದರ್ಥ.

ಹಳೆಯ ಕಂಚಿನ ನಾಣ್ಯದಲ್ಲಿ ತಿಳಿಹಸಿರು ಪುಡಿ ಎದ್ದು, ಒರೆಸಿದರೂ ಮತ್ತೆ ಬರುತ್ತಿದ್ದರೆ ಅದು ಸಾಮಾನ್ಯ ಕಿಲುಬಲ್ಲ. ಲೋಹದೊಳಗೆ ಸೇರಿಕೊಂಡ ಕ್ಲೋರೈಡು ತೇವ ಸಿಕ್ಕಾಗಲೆಲ್ಲ ಕೊರೆಯುತ್ತಿರುತ್ತದೆ. ಅಂಥದ್ದನ್ನು ಉಳಿದವುಗಳ ಜೊತೆ ಸೇರಿಸದೆ, ಆರ್ದ್ರತೆ 35ಕ್ಕಿಂತ ಕೆಳಗಿರುವ ಬೇರೆ ಡಬ್ಬಿಯಲ್ಲಿ ಇಡುತ್ತೇನೆ.

ಎಸಿ ಕೋಣೆಯಿಂದ ತಂದ ಡಬ್ಬಿಯನ್ನು ತಕ್ಷಣ ತೆರೆಯಬೇಡಿ. ಡಬ್ಬಿಯ ಹೊರಮೈಯ ತಂಪು ಕಳೆದ ಮೇಲೂ ಒಳಗಿನ ಲೋಹ ತಣ್ಣಗೇ ಇರುತ್ತದೆ, ತೆರೆದರೆ ಅದರ ಮೇಲೆ ನೀರು ಕೂರಬಹುದು. ಎರಡು ಗಂಟೆಯಾದರೂ ಬಿಡಿ.