ಕಿಲೋಮೀಟರ್ ಬಿಡಿ, ಚೌಕ್ ಎಣಿಸಿ: ಕಲಬುರಗಿಯಲ್ಲಿ ಸೈಕಲ್‌ಗೊಂದು ದಾರಿ

ಮೊದಲ ದಿನ ನಾನು ಬೈಕ್‌ನಲ್ಲಿ ಹೋಗುತ್ತಿದ್ದ ದಾರಿಯಲ್ಲೇ ಸೈಕಲ್ ಹೊಡೆದೆ. ಸೇಡಂ ರಸ್ತೆ ಕಡೆ ನಮ್ಮ ಮನೆ, ಸ್ಟೇಷನ್ ರಸ್ತೆಯ ಹತ್ತಿರ ಕಚೇರಿ. ಮುಂಜಾನೆ ಒಂಬತ್ತೂ ಮುಕ್ಕಾಲಿಗೆ ಜಗತ್ ವೃತ್ತದಲ್ಲಿ ಹಿಂದೊಂದು ಬಸ್ಸು, ಮುಂದೊಂದು ಆಟೊ, ಪಕ್ಕದಲ್ಲಿ ಹೆಲ್ಮೆಟ್ ಬದಲು ಫೋನನ್ನು ಕಿವಿಗೆ ಸಿಕ್ಕಿಸಿಕೊಂಡ ಬೈಕ್ ಸವಾರ. ಕಚೇರಿ ಮುಟ್ಟುವಷ್ಟರಲ್ಲಿ ಕಾಲಿಗಿಂತ ಕೈ ಜಾಸ್ತಿ ನೋಯುತ್ತಿತ್ತು, ಬ್ರೇಕ್ ಹಿಡಿದೂ ಹಿಡಿದೂ. ಆಮೇಲೆ ಎರಡು ವಾರ ಸೈಕಲ್ ಗೋಡೆಗೆ ಒರಗಿಯೇ ಇತ್ತು.

ಹಾಗಂತ ಕಲಬುರಗಿ ಸೈಕಲ್‌ಗೆ ಕೆಟ್ಟ ಊರಲ್ಲ. ಉಸಿರು ಕಟ್ಟಿಸುವ ಏರು ಇಲ್ಲಿಲ್ಲ. ಆರಾಮಾಗಿ ಗಂಟೆಗೆ 12ರಿಂದ 15 ಕಿಲೋಮೀಟರ್ ವೇಗದಲ್ಲಿ ತುಳಿದರೂ 5 ಕಿಲೋಮೀಟರ್‌ಗೆ 20ರಿಂದ 25 ನಿಮಿಷ ಸಾಕು. ದಾರಿಯೊಂದನ್ನು ಬೇರೆ ಮಾಡಿಕೊಳ್ಳಬೇಕು, ಅಷ್ಟೇ. ಅದಕ್ಕೆ ಒಂದು ಭಾನುವಾರ, ಒಂದು ಸೋಮವಾರ, ಸ್ವಲ್ಪ ಮಾತುಕತೆ ಬೇಕು.

ಮೊದಲು: ತಪ್ಪಿಸಲಾಗದ ಜಾಗ

ಫೋನ್‌ನಲ್ಲಿ ನಕಾಶೆ ತೆಗೆಯಿರಿ. ಕಾರಿನ ದಾರಿ ಕೇಳಬೇಡಿ, ನಡೆದು ಹೋಗುವವರ ದಾರಿ ಕೇಳಿ. ಕಾರಿನ ದಾರಿ ಯಾವಾಗಲೂ ದೊಡ್ಡ ರಸ್ತೆಗೇ ತಳ್ಳುತ್ತದೆ. ನಡೆಯುವವರ ದಾರಿ ಓಣಿ, ಸಂದಿಗಳನ್ನೂ ತೋರಿಸುತ್ತದೆ. ಅದೇ ಅಂತಿಮ ಅಂದುಕೊಳ್ಳಬೇಡಿ. ನಕಾಶೆಗೆ ಮುಚ್ಚಿದ ಗೇಟು ಗೊತ್ತಿಲ್ಲ, ಅಗೆದಿಟ್ಟ ಚರಂಡಿಯೂ ಗೊತ್ತಿಲ್ಲ.

ಈಗ ಮನೆಗೂ ಕೆಲಸದ ಜಾಗಕ್ಕೂ ನಡುವೆ ಏನೇ ಮಾಡಿದರೂ ದಾಟಲೇಬೇಕಾದದ್ದು ಯಾವುದು ನೋಡಿ. ಜೇವರ್ಗಿ ರಸ್ತೆ ಕಡೆಯವರಿಗೆ ಅದು ರೈಲು ಹಳಿ. ಮುಂಬೈ–ಚೆನ್ನೈ ಮಾರ್ಗ ಊರನ್ನು ಕತ್ತರಿಸಿಕೊಂಡು ಹೋಗುತ್ತದೆ. ಅದನ್ನು ದಾಟುವ ಜಾಗಗಳು ಬೆರಳೆಣಿಕೆಯಷ್ಟು. ದಾರಿಯನ್ನು ಮನೆಯಿಂದ ಶುರು ಮಾಡಬೇಡಿ, ಅಲ್ಲಿಂದ ಶುರು ಮಾಡಿ. ದಾಟುವ ಜಾಗ ಗಟ್ಟಿಯಾದ ಮೇಲೆ ಅದರ ಈಚೆಗೂ ಆಚೆಗೂ ಓಣಿ ಜೋಡಿಸುವುದು ಸುಲಭ. ಅಂಡರ್‌ಪಾಸ್ ಆದರೆ ಎರಡು ವಿಷಯ ನೆನಪಿರಲಿ. ಇಳಿದ ಮೇಲೆ ಹತ್ತಬೇಕು, ಹತ್ತುವಾಗ ನಿಮ್ಮ ವೇಗ ಅರ್ಧವಾಗುತ್ತದೆ, ಹಿಂದಿನ ವಾಹನದ್ದು ಆಗುವುದಿಲ್ಲ. ಜೋರು ಮಳೆ ಬಂದರೆ ನೀರು ಮೊದಲು ನಿಲ್ಲುವುದೂ ಅಲ್ಲೇ.

ರಿಂಗ್ ರೋಡ್ ನೋಡಿ ಆಸೆಪಡುವವರು ಬಹಳ. ಅಗಲ ಇದೆ, ಗದ್ದಲ ಕಡಿಮೆ, ಸೀದಾ ಹೋಗಬಹುದಲ್ವಾ ಅಂತ. ನಾನು ಬೇಡ ಅನ್ನುತ್ತೇನೆ. ಹುಮನಾಬಾದ್ ರಸ್ತೆ, ಜೇವರ್ಗಿ ರಸ್ತೆ ಎರಡೂ ರಾಷ್ಟ್ರೀಯ ಹೆದ್ದಾರಿ 50ರ ಭಾಗ. ಬೀದರ್ ಕಡೆಯಿಂದ ವಿಜಯಪುರ ಕಡೆಗೆ ಹೋಗುವ ಲಾರಿಗಳಿಗೆ ನಮ್ಮ ಊರಿನಲ್ಲಿ ಕೆಲಸವಿಲ್ಲ, ರಿಂಗ್ ರೋಡ್ ಹಿಡಿದು ಬೇಗ ದಾಟಿ ಹೋಗಬೇಕು. ಆ ಅವಸರದ ಪಕ್ಕದಲ್ಲಿ ಸೈಕಲ್ ಬೇಡ.

ಚೌಕ್‌ಗಳಿಗೆ ಅಂಕ ಕೊಡಿ

ಇದು ನನ್ನದೇ ಲೆಕ್ಕ. ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ದಾರಿಯಲ್ಲಿ ಬರುವ ಪ್ರತಿ ದೊಡ್ಡ ಚೌಕ್‌ಗೆ ಅಂಕ ಹಾಕಿ. ಎಡಕ್ಕೆ ತಿರುಗುವುದಾದರೆ ಸೊನ್ನೆ. ನೇರ ಹೋಗುವುದಾದರೆ ಒಂದು. ಬಲಕ್ಕೆ ತಿರುಗುವುದಾದರೆ ಮೂರು.

ಬಲಕ್ಕೆ ಯಾಕೆ ಮೂರು? ನಾವು ಎಡಗಡೆ ಹೋಗುವವರು. ಎಡಕ್ಕೆ ತಿರುಗಲು ರಸ್ತೆಯ ಅಂಚು ಬಿಡಬೇಕಾಗಿಲ್ಲ. ಬಲಕ್ಕೆ ತಿರುಗಬೇಕೆಂದರೆ ಅಂಚಿನಿಂದ ನಡುರಸ್ತೆಗೆ ಬರಬೇಕು. ಹಿಂದಿನಿಂದ ಬರುವವರನ್ನು ಕುತ್ತಿಗೆ ತಿರುಗಿಸಿ ನೋಡಬೇಕು, ಎದುರಿನವರನ್ನೂ ದಾಟಬೇಕು. ಬೈಕ್‌ಗೆ ಇದು ಎರಡು ಸೆಕೆಂಡಿನ ಕೆಲಸ. ಸೈಕಲ್‌ಗೆ ಹಾಗಲ್ಲ.

ನನ್ನ ಹಳೆ ದಾರಿಯಲ್ಲಿ ಎರಡು ಬಲ ತಿರುವು, ಮೂರು ನೇರ. ಒಟ್ಟು ಒಂಬತ್ತು. ಹೊಸ ದಾರಿ ಬ್ರಹ್ಮಪುರದ ಒಳ ಓಣಿಗಳಲ್ಲಿ ನುಸುಳಿ, ಶರಣಬಸವೇಶ್ವರ ಗುಡಿಯ ಕಡೆ ಬಂದು, ಅಪ್ಪನ ಕೆರೆಯ ಬದಿಯಿಂದ ಪಬ್ಲಿಕ್ ಗಾರ್ಡನ್ ಕಡೆಗೆ ಹೊರಳುತ್ತದೆ. ಅದರಲ್ಲಿ ಒಂದು ಬಲ, ಎರಡು ನೇರ. ಒಟ್ಟು ಐದು. ಸ್ವಲ್ಪ ಸುತ್ತು, ನಿಜ. ಆದರೆ ಸಿಗ್ನಲ್‌ನಲ್ಲಿ ಕಾಯುವುದು ತಪ್ಪುವುದರಿಂದ ಸಮಯ ಹೆಚ್ಚುಕಡಿಮೆ ಅಷ್ಟೇ. ಕೆರೆ ಹತ್ತಿರ ಗಾಳಿಯೂ ತಂಪು.

ಉಳಿದ ಆ ಒಂದು ಬಲ ತಿರುವಿಗೆ ನಾನು ತಿರುಗುವುದೇ ಇಲ್ಲ. ಎಡ ಅಂಚಿನಲ್ಲೇ ನೇರ ಚೌಕ್ ದಾಟುತ್ತೇನೆ. ಆಚೆ ಮೂಲೆಯಲ್ಲಿ ನಿಂತು ಸೈಕಲ್ ಹೊರಳಿಸುತ್ತೇನೆ. ಆ ಕಡೆಯವರಿಗೆ ಹಸಿರು ಬಿದ್ದಾಗ ಅವರ ಜತೆ ನೇರ ಹೋಗುತ್ತೇನೆ. ಗದ್ದಲ ಬಹಳ ಇದ್ದರೆ ಇಳಿದು ತಳ್ಳಿಕೊಂಡು ದಾಟುವುದಕ್ಕೂ ನನಗೆ ನಾಚಿಕೆ ಇಲ್ಲ.

ಸಿಗ್ನಲ್‌ನಲ್ಲಿ ಬಸ್ಸು, ಲಾರಿಯ ಎಡಮೂಲೆಗೆ ಮಾತ್ರ ಹೋಗಿ ನಿಲ್ಲಬೇಡಿ. ಅಲ್ಲಿ ಜಾಗ ಖಾಲಿ ಕಾಣುತ್ತದೆ, ಆಸೆ ಆಗುತ್ತದೆ. ಎತ್ತರದಲ್ಲಿ ಕೂತ ಚಾಲಕನಿಗೆ ಆ ಮೂಲೆ ಕಾಣುವುದೇ ಕಷ್ಟ. ಅವನು ಎಡಕ್ಕೆ ಹೊರಳಿಸಿದರೆ ಹಿಂದಿನ ಗಾಲಿ ಮುಂದಿನದಕ್ಕಿಂತ ಇನ್ನೂ ಒಳಗೆ ಸರಿದು ಬರುತ್ತದೆ. ಪಕ್ಕದ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ, ನೀವೂ ಅವನಿಗೆ ಕಾಣುತ್ತಿಲ್ಲ. ಹಿಂದೆಯೇ ನಿಲ್ಲಿ.

ಓಣಿ ಗೊತ್ತಿದ್ದವರನ್ನು ಕೇಳಿ

ಕಾರಿನವರನ್ನು ಕೇಳಿದರೆ ಹೆದರಿಸುತ್ತಾರೆ. ಪೇಪರ್ ಹಾಕುವ ಹುಡುಗರು, ಹಾಲಿನವರು, ಸೈಕಲ್ ಮೇಲೆ ಶಾಲೆಗೆ ಹೋಗುವ ಮಕ್ಕಳು, ಇವರನ್ನು ಕೇಳಿ. ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಸರ್ಕಾರದ ಯೋಜನೆ 2006–07ರಲ್ಲಿ ಶುರುವಾಯಿತು. ಆಗ ಪಡೆದವರು ಈಗ ಮೂವತ್ತು ದಾಟಿದ್ದಾರೆ. ಯಾವ ಓಣಿ ಎಲ್ಲಿ ಹೊರಬೀಳುತ್ತದೆ ಅಂತ ಅವರಿಗೆ ಕಣ್ಣುಮುಚ್ಚಿದರೂ ಗೊತ್ತು.

ಎಲ್ಲರಿಗಿಂತ ಜಾಸ್ತಿ ಗೊತ್ತಿರುವುದು ಪಂಕ್ಚರ್ ಅಂಗಡಿಯವರಿಗೆ. ನಾನು ಒಂದು ಓಣಿಯ ಬಗ್ಗೆ ಕೇಳಿದಾಗ ಒಬ್ಬರು ಟ್ಯೂಬ್ ನೀರಿಗೆ ಅದ್ದುತ್ತಲೇ ಹೇಳಿದರು: ‘ಆ ಓಣ್ಯಾಗ ನಳ ಬಂದ ದಿನ ಹೋಗ್ಬ್ಯಾಡ್ರಿ ಸರ. ಫರ್ಸಿ ಮ್ಯಾಲ ನೀರು ಹರೀತಿರ್ತದ.’

ನಾನು ಹೂಂ ಅಂದು ಹೋದೆ, ಬಿದ್ದೆ. ಫರ್ಸಿ ಎಂದರೆ ನಮ್ಮ ಶಹಾಬಾದ್ ಕಲ್ಲು. ಮನೆಯೊಳಗೆ ತಂಪು, ಹೊರಗೆ ಒದ್ದೆಯಾದರೆ ಸಾಬೂನು. ಹಳೆ ಓಣಿಗಳಲ್ಲಿ ನೆಲಕ್ಕೂ ಅದೇ, ಚರಂಡಿ ಮುಚ್ಚಿದ್ದೂ ಅದೇ. ಕೊಡ ಹಿಡಿದು ಸಾಲು ನಿಂತಿದ್ದ ಹೆಂಗಸರಲ್ಲಿ ಒಬ್ಬ ಅವ್ವ, ‘ಕಣ್ಣಿಲ್ಲೇನೋ ತಮ್ಮಾ’ ಅಂತ ಬೈಯುತ್ತಲೇ ಮೊಣಕಾಲಿಗೆ ನೀರು ಹಾಕಿದಳು. ಒದ್ದೆ ಫರ್ಸಿ ಮೇಲೆ ಹ್ಯಾಂಡಲ್ ತಿರುಗಿಸಬಾರದು, ಮುಂದಿನ ಬ್ರೇಕ್ ಹಿಡಿಯಬಾರದು. ಮೊದಲೇ ವೇಗ ಇಳಿಸಿ ನೇರ ದಾಟಬೇಕು. ಎರಡು ಕಲ್ಲಿನ ನಡುವಿನ ಸಂದು ನೀವು ಹೋಗುವ ದಿಕ್ಕಿನಲ್ಲೇ ಇದ್ದರೆ ಗಾಲಿ ಅದರೊಳಗೆ ಇಳಿಯುತ್ತದೆ. ಅದನ್ನು ಓರೆಯಾಗಿ ದಾಟಿ.

ಭಾನುವಾರ ಒಮ್ಮೆ, ಸೋಮವಾರ ಇನ್ನೊಮ್ಮೆ

ಭಾನುವಾರ ಮುಂಜಾನೆ ಸುಮ್ನೆ ಒಂದು ಸುತ್ತು ಹೋಗಿ. ತಗ್ಗು ಎಲ್ಲಿವೆ, ಹಂಪ್ಸ್ ಎಲ್ಲಿವೆ, ಗಾಳಿ ಹಾಕುವ ಅಂಗಡಿ ಎಲ್ಲಿದೆ ನೋಡಿ. ಈ ಕೊನೆಯದು ಮುಖ್ಯ. ನಮ್ಮ ಕಡೆ ಖಾಲಿ ಪ್ಲಾಟು, ರಸ್ತೆ ಅಂಚು ಎಲ್ಲ ಕಡೆ ಜಾಲಿ ಗಿಡ. ಅದನ್ನು ಕಡಿದು ಹಾಕಿದ ವಾರ ಮುಳ್ಳು ಟೈರಿಗೆ ಬರುತ್ತದೆ. ದಾರಿಯಲ್ಲಿ ಎರಡಾದರೂ ಪಂಕ್ಚರ್ ಅಂಗಡಿ ಇರಲಿ.

ಆದರೆ ಭಾನುವಾರದ ದಾರಿ ಸೋಮವಾರ ಇರುವುದಿಲ್ಲ. ಖಾಲಿ ಇದ್ದ ಓಣಿಯಲ್ಲಿ ಒಂದು ಶಾಲೆ ಇದ್ದರೆ ಸಾಕು, ಒಂಬತ್ತೂವರೆಗೆ ಆಟೊ, ಮಕ್ಕಳು, ಬಿಡಲು ಬಂದವರ ಸ್ಕೂಟರ್ ಎಲ್ಲ ಸೇರಿ ಗಂಟು ಬೀಳುತ್ತದೆ. ಸೂಪರ್ ಮಾರ್ಕೆಟ್ ಪೇಟೆಯ ಸುತ್ತ ಮುಂಜಾನೆ ಏಳಕ್ಕೂ ಹತ್ತಕ್ಕೂ ಬೇರೆಯದೇ ಊರು. ಹಾಗಾಗಿ ಎರಡನೇ ಸಲ ಕೆಲಸದ ದಿನ, ಕೆಲಸದ ಹೊತ್ತಿಗೇ ಹೋಗಿ. ಅವತ್ತು ಅರ್ಧ ಗಂಟೆ ಮುಂಚೆ ಹೊರಡಿ, ಇಲ್ಲದಿದ್ದರೆ ಸಿಟ್ಟು ದಾರಿಯ ಮೇಲೆ ಬರುತ್ತದೆ.

ನಿಂತ ಕಾರುಗಳ ಸಾಲಿನ ಪಕ್ಕ ಹೋಗುವಾಗ ಒಂದು ಮೀಟರ್ ಬಿಟ್ಟು ಹೋಗಿ. ಬಾಗಿಲು ತೆಗೆಯುವವರು ಹಿಂದೆ ನೋಡುವುದು ಅಪರೂಪ.

ಸಂಜೆಯ ದಾರಿ ಬೇರೆ

ಹೋದ ದಾರಿಯಲ್ಲೇ ಬರಬೇಕೆಂದೇನಿಲ್ಲ. ಮುಂಜಾನೆಯ ಎಡ ತಿರುವೆಲ್ಲ ಸಂಜೆಗೆ ಬಲ ತಿರುವು. ಸೊನ್ನೆ ಇದ್ದದ್ದು ಮೂರಾಗುತ್ತದೆ. ವಾಪಸು ದಾರಿಗೆ ಹೊಸದಾಗಿ ಅಂಕ ಹಾಕಿ. ನನಗೆ ಬರುವಾಗ ಒಂದು ಓಣಿ ಮೊದಲೇ ಹೊರಳಿದರೆ ಒಂದು ಬಲ ತಿರುವು ತಪ್ಪುತ್ತದೆ.

ಬಿಸಿಲಿನ ಲೆಕ್ಕವೂ ಇದೆ. ನಾನು ಮುಂಜಾನೆ ಪಶ್ಚಿಮಕ್ಕೆ, ಸಂಜೆ ಪೂರ್ವಕ್ಕೆ ಹೋಗುವವನು. ಎರಡು ಹೊತ್ತೂ ಸೂರ್ಯ ಬೆನ್ನಿಗೆ. ಸ್ಟೇಷನ್ ಕಡೆ ಮನೆ ಇದ್ದು ಗುಲ್ಬರ್ಗ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಎರಡು ಹೊತ್ತೂ ಕಣ್ಣಿಗೆ. ಅವರ ಹಿಂದೆ ಬರುವ ಚಾಲಕನ ಕಣ್ಣಿಗೂ ಅದೇ ಬಿಸಿಲು. ಅಂಥವರು ಮನೆ, ಮರಗಳ ನೆರಳಿರುವ ಒಳರಸ್ತೆ ಹುಡುಕುವುದು ಒಳ್ಳೆಯದು. ನನ್ನಂಥವರು ಎದುರಿನಿಂದ ಬಂದು ಬಲಕ್ಕೆ ತಿರುಗುವ ವಾಹನಗಳನ್ನು ನಂಬಬಾರದು. ಬಿಸಿಲು ಅವರ ಕಣ್ಣಲ್ಲಿರುತ್ತದೆ.

ಡಿಸೆಂಬರ್‌ನಲ್ಲಿ ಸಂಜೆ ಆರರೊಳಗೆ ಹೊತ್ತು ಮುಳುಗುತ್ತದೆ. ಐದೂವರೆಗೆ ಕಚೇರಿ ಬಿಟ್ಟರೆ ಅರ್ಧ ದಾರಿ ಕತ್ತಲು. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಇರಲೇಬೇಕು. ಓಣಿಯ ನಾಯಿಗಳೂ ಆಗಲೇ ಡ್ಯೂಟಿಗೆ ಬರುವುದು. ಬೆನ್ನಟ್ಟಿದರೆ ಜೋರಾಗಿ ತುಳಿಯಬೇಡಿ. ಇಳಿದು, ಸೈಕಲ್ ಅಡ್ಡ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಬಹುತೇಕ ಸುಮ್ಮನಾಗುತ್ತವೆ.

ಕಾಲಕ್ಕೊಂದು ದಾರಿ

ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಸುದ್ದಿಯೇ ಅಲ್ಲ. ಬೇಸಿಗೆಗೆ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿ ಸಮಯವನ್ನು ಮುಂಜಾನೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇದೆ. ಇದರಿಂದ ದಾರಿಯೂ ಬದಲಾಗುತ್ತದೆ. ಏಳೂವರೆಗೆ ಜಗತ್ ವೃತ್ತ ಖಾಲಿ. ಆ ಎರಡು ತಿಂಗಳು ಹೋಗುವಾಗ ನಾನು ಬಿಟ್ಟಿದ್ದ ಹಳೆ ದೊಡ್ಡ ರಸ್ತೆಯಲ್ಲೇ ಹೋಗುತ್ತೇನೆ. ಬರುವಾಗ ನಡುಮಧ್ಯಾಹ್ನ, ನೆತ್ತಿ ಮೇಲೆ ಬೆಂಕಿ. ಆಗ ಚೌಕ್ ಅಲ್ಲ, ಬೇವಿನ ಮರ ಎಣಿಸಬೇಕು. ನಡುವೆ ನೆರಳಲ್ಲಿ ನಿಂತು ಮಜ್ಜಿಗೆ ಕುಡಿಯುವ ಒಂದು ಜಾಗ ಇಟ್ಟುಕೊಳ್ಳಿ. ಶುಕ್ರವಾರ ಅದೇ ಹೊತ್ತಿಗೆ ನಮಾಜು ಬಿಡುತ್ತದೆ, ಮಸೀದಿ ಮುಂದಿನ ರಸ್ತೆಗಳು ತುಂಬಿರುತ್ತವೆ. ಹತ್ತು ನಿಮಿಷ ತಡೆದು ಹೊರಟರೆ ಆಯಿತು. ಮೈ ನಡುಗಿದಂತಾದರೆ, ತಲೆ ಸುತ್ತಿದರೆ ಅವತ್ತು ಸೈಕಲ್ ಅಲ್ಲೇ ಬಿಟ್ಟು ಆಟೊ ಹತ್ತಿ.

ಮಳೆಗಾಲದ ವೈರಿ ಎರೆಮಣ್ಣು. ಹೊಸ ಬಡಾವಣೆಗಳ ಮಣ್ಣಿನ ರಸ್ತೆಯಲ್ಲಿ ಅದು ಟೈರಿಗೆ ಅಂಟಿ, ಮಡ್‌ಗಾರ್ಡ್ ನಡುವೆ ತುಂಬಿ, ಗಾಲಿಯನ್ನು ಗಟ್ಟಿ ಹಿಡಿದು ನಿಲ್ಲಿಸುತ್ತದೆ. ಜೇಬಿನಲ್ಲಿ ಒಂದು ಕಡ್ಡಿ ಇಟ್ಟುಕೊಂಡು ಕೆರೆದು ತೆಗೆದವರಿಗೇ ಗೊತ್ತು ಆ ಸುಖ. ಜೂನ್‌ನಿಂದ ಸುತ್ತಾದರೂ ಸರಿ, ಡಾಂಬರು ಇಲ್ಲವೇ ಸಿಮೆಂಟ್ ರಸ್ತೆಯೇ ಇರಲಿ. ಆಗ ಗಾಳಿಯೂ ಪಶ್ಚಿಮದಿಂದ ಬೀಸುತ್ತದೆ. ಆ ಕಡೆ ಹೋಗುವವರು ಐದು ನಿಮಿಷ ಜಾಸ್ತಿ ಇಟ್ಟುಕೊಳ್ಳಿ.

ತೊಗರಿ ಬರುವ ದಿನಗಳಲ್ಲಿ, ಅಂದರೆ ಡಿಸೆಂಬರ್‌ನಿಂದ, ಗಂಜ್, ಅಂದರೆ ಧಾನ್ಯದ ಮಾರುಕಟ್ಟೆ, ಕಡೆಗೆ ಟ್ರ್ಯಾಕ್ಟರ್, ಲಾರಿಗಳ ಸಾಲು. ಹುಮನಾಬಾದ್ ರಸ್ತೆಯವರು ಆಗ ಒಳದಾರಿ ನೋಡಿಕೊಳ್ಳಬೇಕು. ಹೋಳಿಯ ಬೆನ್ನಿಗೇ ಅಪ್ಪನ ಜಾತ್ರೆ, ಅಂದರೆ ಶರಣಬಸವೇಶ್ವರರ ಜಾತ್ರೆ. ಆಗ ನನ್ನ ಗುಡಿ ಬದಿಯ ದಾರಿಯಲ್ಲಿ ಮಿಠಾಯಿ, ಬಳೆ ಅಂಗಡಿಗಳು, ಸೈಕಲ್ ತಳ್ಳಿಕೊಂಡೂ ಹೋಗಲಾಗುವುದಿಲ್ಲ. ಖಾಜಾ ಬಂದಾನವಾಜ್ ದರ್ಗಾದ ಉರುಸು ಇಸ್ಲಾಮಿ ಕ್ಯಾಲೆಂಡರಿನ ಪ್ರಕಾರ, ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಮುಂಚೆ ಬರುತ್ತದೆ. ಹೋದ ವರ್ಷದ ತಾರೀಖು ನಂಬಿ ಕೂರಬೇಡಿ.

ಕೊನೆಗೆ, ನಿಲ್ಲಿಸುವ ಜಾಗ

ದಾರಿ ಮುಗಿಯುವುದು ಕಚೇರಿಯ ಗೇಟಿನಲ್ಲಲ್ಲ, ಬೀಗ ಹಾಕುವಲ್ಲಿ. ಬೈಕ್‌ಗಳ ನಡುವೆ ಸಿಕ್ಕಿಸಿದರೆ ಒಂದು ಬೈಕ್ ತೆಗೆಯುವಾಗ ನಿಮ್ಮ ಸೈಕಲ್ ಬೀಳುತ್ತದೆ, ಪೆಡಲ್ ಬಾಗುತ್ತದೆ. ಗಟ್ಟಿ ಕಂಬವೋ ಕಿಟಕಿಯ ಸರಳೋ ನೋಡಿ, ಚೌಕಟ್ಟಿಗೆ ಸೇರಿಸಿ ಸರಪಳಿ ಹಾಕಿ. ಬರೀ ಗಾಲಿಗೆ ಹಾಕಿದರೆ ಗಾಲಿ ಮಾತ್ರ ಉಳಿಯುತ್ತದೆ. ಹತ್ತು ಗಂಟೆಗೆ ನೆರಳಿದ್ದಲ್ಲಿ ಎರಡಕ್ಕೆ ನೆರಳಿರುವುದಿಲ್ಲ ಅನ್ನುವುದನ್ನೂ ಲೆಕ್ಕ ಹಾಕಿ. ನಾನು ಹಾಕಿರಲಿಲ್ಲ. ಮೊದಲ ಏಪ್ರಿಲ್‌ನಲ್ಲಿ ಸೀಟಿನ ಮೇಲೆ ಕೂತವನು ಕೂತಷ್ಟೇ ಬೇಗ ಎದ್ದೆ. ಗೇಟಿನ ಹತ್ತಿರ ಕೂತಿದ್ದ ಕಾವಲುಗಾರ ನಕ್ಕು, ‘ಸೀಟಿನ ಮ್ಯಾಲ ಚೀಲ ಮುಚ್ಚಬೇಕ್ರಿ ಸರ’ ಅಂತ ಒಂದು ಹಳೆ ಗೋಣಿಚೀಲ ಕೊಟ್ಟ. ಅದು ಈಗಲೂ ಕ್ಯಾರಿಯರ್‌ನಲ್ಲೇ ಇದೆ.