ಜ್ವಾಲೆಯ ಬಣ್ಣದಿಂದ ಲೋಹದ ಅಯಾನು ಗುರುತಿಸುವುದು: ಕಣ್ಣು ಸೋತಲ್ಲಿ ರೋಹಿತ

ಜ್ವಾಲೆ ಪರೀಕ್ಷೆ, ಅಂದರೆ ಲವಣವನ್ನು ಜ್ವಾಲೆಗೆ ಹಿಡಿದು ಬಣ್ಣದಿಂದ ಅದರ ಲೋಹ ಗುರುತಿಸುವುದು, ಕೆಡುವುದು ಬಹುಪಾಲು ಸೋಡಿಯಂನಿಂದ. ಬೆರಳಿನ ಬೆವರು, ಧೂಳು, ಹಿಂದಿನ ಲವಣದ ಕೊಳೆ, ಎಲ್ಲದರಲ್ಲೂ ಅದಿರುತ್ತದೆ. ಚೂರೇ ಇದ್ದರೂ ಅದರ ಹಳದಿ ಉಳಿದ ಬಣ್ಣಗಳನ್ನು ನುಂಗಿಹಾಕುತ್ತದೆ. ಹಾಗಾಗಿ ಅರ್ಧ ಕೆಲಸ ತಂತಿ ಶುಚಿ ಮಾಡುವುದೇ.

ಪ್ಲಾಟಿನಂ ಅಥವಾ ನಿಕ್ರೋಮ್ ತಂತಿಯ ತುದಿಯನ್ನು 2–3 ಮಿಲಿಮೀಟರಿನ ಕುಣಿಕೆಯಾಗಿ ಬಗ್ಗಿಸಿ. ಬುನ್ಸೆನ್ ಬರ್ನರಿನ ಗಾಳಿಕಿಂಡಿ ಪೂರ್ತಿ ತೆರೆದು ನೀಲಿ ಜ್ವಾಲೆ ಮಾಡಿಕೊಳ್ಳಿ. ಸುರಕ್ಷತಾ ಕನ್ನಡಕ ಹಾಕಿಕೊಂಡು, ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೆ, ತಂತಿಯನ್ನು ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಕಾಯಿಸಿ. ಜ್ವಾಲೆಗೆ ಬಣ್ಣ ಬರುವುದು ನಿಲ್ಲುವ ತನಕ ಹೀಗೇ ಮಾಡಿ. ಆಮೇಲೆ ಬೇರೆ ವಾಚ್ ಗ್ಲಾಸಿನ (ಚಿಕ್ಕ ಗಾಜಿನ ತಟ್ಟೆಯ) ಹೊಸ ಆಮ್ಲದಲ್ಲಿ ಅದ್ದಿ, ಲವಣಕ್ಕೆ ಮುಟ್ಟಿಸಿ, ಜ್ವಾಲೆಯ ಕೆಳಅಂಚಿಗೆ ಹಿಡಿಯಿರಿ. ಕ್ಲೋರೈಡ್‌ಗಳು ಬೇಗ ಆವಿಯಾಗುವುದರಿಂದಲೇ ಈ ಆಮ್ಲ. ಸಲ್ಫೇಟ್ ಬಣ್ಣ ಕೊಡದೆ ಸತಾಯಿಸಿದರೆ ಜ್ವಾಲೆಯ ಒಳಭಾಗದಲ್ಲಿ ಕಾಯಿಸಿ, ಮತ್ತೆ ಆಮ್ಲ ತಾಗಿಸಿ ನೋಡಿ.

ಲವಣಕ್ಕೆ ಮೆಥನಾಲ್ ಸುರಿದು ಹೊತ್ತಿಸುವ ಪ್ರದರ್ಶನ ಮಾತ್ರ ಬೇಡವೇ ಬೇಡ. ಆವಿಗೆ ಬೆಂಕಿ ತಗುಲಿ ಬಾಟಲಿಯಿಂದ ಜ್ವಾಲೆ ಚಿಮ್ಮಿ ಅನೇಕರು ಸುಟ್ಟುಕೊಂಡಿದ್ದಾರೆ.

ಪೊಟ್ಯಾಸಿಯಂ ತಿಳಿನೇರಳೆ, ಕ್ಷಣದಲ್ಲಿ ಮಾಯ. ಕೋಬಾಲ್ಟ್ ನೀಲಿಗಾಜಿನ ಮೂಲಕ ನೋಡಿದರೆ ಸೋಡಿಯಂ ಅಡ್ಡ ಬರುವುದಿಲ್ಲ. ಬೇರಿಯಂ ತಿಳಿಹಸಿರು, ಬರಲು ಹೊತ್ತು ಹಿಡಿಯುತ್ತದೆ. ತಾಮ್ರ ನೀಲಿಹಸಿರು. ಕ್ಯಾಲ್ಸಿಯಂ ಇಟ್ಟಿಗೆಗೆಂಪು. ಲಿಥಿಯಂ, ಸ್ಟ್ರಾನ್ಷಿಯಂ ಎರಡೂ ಕಡುಗೆಂಪು. ಇಲ್ಲಿ ಕಣ್ಣನ್ನು ನಂಬಬೇಡಿ, ಬೆಳಕನ್ನು ಬಣ್ಣದ ರೇಖೆಗಳಾಗಿ (ರೋಹಿತವಾಗಿ) ಬಿಡಿಸಿ ತೋರಿಸುವ ರೋಹಿತದರ್ಶಕ ಹಿಡಿಯಿರಿ.

ಅದರ ಸೀಳುಗಂಡಿಯನ್ನು ಗ್ರೇಟಿಂಗ್ (ಬೆಳಕನ್ನು ಬಿಡಿಸುವ, ಒತ್ತೊತ್ತಾಗಿ ಗೆರೆ ಕೊರೆದ ಫಲಕ) ಗೆರೆಗಳಿಗೆ ಸಮಾಂತರವಾಗಿರಿಸಿ, ಆದಷ್ಟು ಕಿರಿದು ಮಾಡಿ. ಅಗಲವಾದರೆ ರೇಖೆಗಳು ದಪ್ಪಗಾಗಿ ಒಂದರೊಳಗೊಂದು ಬೆರೆಯುತ್ತವೆ. ಅಳತೆಪಟ್ಟಿ ಹೊಂದಿಸಲು ಸಿಎಫ್ಎಲ್ ದೀಪದ ಪಾದರಸ ರೇಖೆಗಳು (ತರಂಗಾಂತರ 435.8 ಮತ್ತು 546.1 ನ್ಯಾನೋಮೀಟರ್) ಸಾಕು. ಸೋಡಿಯಂನ 589.0, 589.6 ಸಾಧಾರಣ ಉಪಕರಣದಲ್ಲಿ ಒಂದೇ ರೇಖೆಯಾಗಿ ಕಾಣುತ್ತವೆ, ಅದು ದೋಷವಲ್ಲ. ಲಿಥಿಯಂ ಎಂದರೆ 670.8ರಲ್ಲಿ ಚೂಪಾದ ಕೆಂಪು ರೇಖೆ. ಸ್ಟ್ರಾನ್ಷಿಯಂ ಆದರೆ ಕಿತ್ತಳೆ-ಕೆಂಪಿನಲ್ಲಿ ಅಗಲ ಪಟ್ಟಿಗಳು, ಜೊತೆಗೆ 460.7ರಲ್ಲಿ ನೀಲಿ ರೇಖೆ. ಆ ನೀಲಿ ಕಂಡರೆ ಅನುಮಾನವಿಲ್ಲ. ಪಟ್ಟಿಗಳು ಪರಮಾಣುವಿನವಲ್ಲ, ಜ್ವಾಲೆಯಲ್ಲೇ ಹುಟ್ಟುವ ಹೈಡ್ರಾಕ್ಸೈಡ್ ಅಣುಗಳವು. ಕ್ಯಾಲ್ಸಿಯಂನಲ್ಲೂ ಹಾಗೆಯೇ: 554ರ ಸುತ್ತ ಹಸಿರು, 622ರ ಸುತ್ತ ಕಿತ್ತಳೆ.

ಪೊಟ್ಯಾಸಿಯಂನ ಪ್ರಬಲ ಜೋಡಿ 766.5, 769.9, ಕಣ್ಣಿಗೆ ಕಾಣುವ ಅಂಚಿನಲ್ಲಿರುವುದರಿಂದ ಕತ್ತಲ ಕೋಣೆ ಬೇಕು. ಮೆಗ್ನೀಸಿಯಂ, ಅಲ್ಯೂಮಿನಿಯಂ ಈ ಜ್ವಾಲೆಗೆ ಬಣ್ಣವನ್ನೇ ಕೊಡುವುದಿಲ್ಲ, ಅವಕ್ಕೆ ದ್ರಾವಣದ ಪರೀಕ್ಷೆಗಳೇ ಗತಿ.